ಏಷ್ಯಾ ಆರ್ಟ್ ಆರ್ಕೈವ್: ಕಲಾ ಇತಿಹಾಸದ ಕಸುಬು ಕಲಿಯಲು ಇದು ಎಷ್ಟರ ಮಟ್ಟಿಗೆ ಸಾಕು?

ಆಧುನಿಕ ಮತ್ತು ಸಮಕಾಲೀನ ಕಲೆಯ ಇತಿಹಾಸ ಓದಿ ಅದರಲ್ಲೇ ಬದುಕು ಕಟ್ಟಿಕೊಳ್ಳಬೇಕು ಎನ್ನುವವರು ಮೊದಲು ವಿಚಾರಿಸುವುದು ಯಾವ ವಿಶ್ವವಿದ್ಯಾಲಯ, ಎಷ್ಟು ಫೀಸು, ಯಾವ ಸ್ಕಾಲರ್‌ಶಿಪ್ ಎಂದು. ಅರ್ಜಿ ಹಾಕುವ ಮೊದಲು ಆರು ತಿಂಗಳು ಒಂದು ಆರ್ಕೈವ್ (ಹಳೆಯ ದಾಖಲೆಗಳ ಭಂಡಾರ) ಜೊತೆ ಏಗಿ ನೋಡಿದರೆ ಈ ಕೆಲಸ ತಮಗೆ ಒಗ್ಗುತ್ತದೋ ಇಲ್ಲವೋ ಗೊತ್ತಾಗಿಬಿಡುತ್ತದೆ. ಈ ಕಸುಬಿನಲ್ಲಿ ಚಿತ್ರದ ಮುಂದೆ ನಿಲ್ಲುವ ಹೊತ್ತು ಕಡಿಮೆ, ಹಳೆಯ ಕಾಗದದ ಮುಂದೆ ಕೂರುವ ಹೊತ್ತು ಹೆಚ್ಚು. ಮನೆಯಲ್ಲೇ ಕೂತು, ಒಂದು ರೂಪಾಯಿಯೂ ಕೊಡದೆ ಹಾಗೆ ಏಗಿ ನೋಡಬಹುದಾದ ಜಾಗಗಳಲ್ಲಿ ಹಾಂಗ್‌ಕಾಂಗಿನ ಏಷ್ಯಾ ಆರ್ಟ್ ಆರ್ಕೈವ್‌ನ ಜಾಲತಾಣ ಮುಂದಿನ ಸಾಲಿನಲ್ಲಿದೆ. ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಉಳಿದ ಒಂದು ಅಂಕ ಎಲ್ಲಿ ಕಳೆಯಿತು ಎಂದು ತಿಳಿದುಕೊಂಡೇ ಒಳಗೆ ಹೋದರೆ ಹೊತ್ತು ಉಳಿಯುತ್ತದೆ.

2000ನೇ ಇಸವಿಯಲ್ಲಿ ಕ್ಲೇರ್ ಹ್ಸು ಮುಂದೆ ನಿಂತು ಕಟ್ಟಿದ ಲಾಭರಹಿತ ಸಂಸ್ಥೆ ಇದು. ಹಾಂಗ್‌ಕಾಂಗಿನ ಹಾಲಿವುಡ್ ರೋಡ್ 233ರಲ್ಲಿರುವ ಹಾಲಿವುಡ್ ಸೆಂಟರಿನ 11ನೇ ಮಹಡಿಯಲ್ಲಿ ಇದರ ಲೈಬ್ರರಿ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು, ದೆಹಲಿಯಲ್ಲಿ ಒಂದು ಅಂಗಸಂಸ್ಥೆ ಇವೆ. 2022ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ನಡೆದ 15ನೇ ಡಾಕ್ಯುಮೆಂಟಾ ಎಂಬ ದೊಡ್ಡ ಕಲಾ ಪ್ರದರ್ಶನದಲ್ಲಿ ಈ ಆರ್ಕೈವ್ ಕಲಾವಿದರ ಸಾಲಿನಲ್ಲೇ ಭಾಗವಹಿಸಿತ್ತು. ಚಿತ್ರ ನೋಡಲು ಇಲ್ಲಿಗೆ ಬಂದವರಿಗೆ ಮಾತ್ರ ನಿರಾಸೆ ಕಾದಿದೆ. ಇಲ್ಲಿರುವುದು ಪತ್ರ, ಆಮಂತ್ರಣ ಪತ್ರಿಕೆ, ಕ್ಯಾಟಲಾಗ್, ಸ್ಲೈಡ್, ನೋಟ್‌ಬುಕ್ಕು, ಪತ್ರಿಕೆಗಳಿಂದ ಕತ್ತರಿಸಿಟ್ಟ ತುಣುಕು. ಅಂದರೆ, ಕಲಾಕೃತಿಯ ಸುತ್ತ ಬಿದ್ದಿದ್ದು, ಬಹಳ ಕಡೆ ರದ್ದಿಗೆ ಹೋಗುವಂಥದ್ದು.

ಈ ರದ್ದಿ ಯಾಕೆ ಬೇಕು? ಬಹುಕಾಲ ಪಠ್ಯಗಳಲ್ಲಿ ಆಧುನಿಕ ಕಲೆ ಎಂದರೆ ಪ್ಯಾರಿಸ್‌ನಲ್ಲಿ ಹುಟ್ಟಿ ನ್ಯೂಯಾರ್ಕಿಗೆ ಮನೆ ಬದಲಿಸಿದ ಕಥೆ. ಬರೋಡ, ಮನಿಲಾ, ಲಾಹೋರ್ ಎಲ್ಲ ‘ಪ್ರಭಾವಕ್ಕೆ ಒಳಗಾದ’ ಊರುಗಳ ಪಟ್ಟಿಯಲ್ಲಿ. ಜಾಗತಿಕ ದೃಷ್ಟಿಯ ಕಲಾ ಇತಿಹಾಸ ಎಂದು ಈಗ ಕರೆಸಿಕೊಳ್ಳುವುದು ಆ ಕಥೆಯನ್ನು ತಿದ್ದುವ ಕೆಲಸ, ಮತ್ತು ತಿದ್ದಲು ಆವೇಶ ಸಾಲದು, ಕಾಗದ ಬೇಕು. ಯಾರು ಯಾರಿಗೆ ಯಾವ ತಾರೀಖಿನಲ್ಲಿ ಬರೆದರು, ಯಾವ ಪುಸ್ತಕ ಯಾರ ಕೈಗೆ ಯಾವಾಗ ಬಂತು, ಪ್ರದರ್ಶನಕ್ಕೆ ದುಡ್ಡು ಕೊಟ್ಟವರು ಯಾರು. ಏಷ್ಯಾ ಆರ್ಟ್ ಆರ್ಕೈವ್ ಕೊಡುವುದು ಅದನ್ನು. ಬರೋಡದ ಕಲಾಶಾಲೆಯ ಬಳಗದ ಜ್ಯೋತಿ ಭಟ್, ರತನ್ ಪಾರಿಮೂ, ಗುಲಾಮ್‌ಮೊಹಮ್ಮದ್ ಶೇಖ್, ಕೆ.ಜಿ. ಸುಬ್ರಹ್ಮಣ್ಯನ್ ಈ ನಾಲ್ವರ ಖಾಸಗಿ ಸಂಗ್ರಹಗಳು, ದೆಹಲಿಯ ಕಲಾ ವಿಮರ್ಶಕಿ ಗೀತಾ ಕಪೂರ್ ಮತ್ತು ಕಲಾವಿದ ವಿವಾನ್ ಸುಂದರಂ ದಂಪತಿಯ ಸಂಗ್ರಹ, ಲಾಹೋರಿನ ಕಲಾವಿದೆ ಸಲೀಮಾ ಹಾಶ್ಮಿ, ಫಿಲಿಪ್ಪೀನ್ಸಿನ ಕಲಾವಿದ ರೊಬೆರ್ತೊ ಚಬೆಟ್, ಸಿಂಗಪುರದ ಕಲಾವಿದ ಲೀ ವೆನ್, ಹನೋಯಿಯ ಸಲೋನ್ ನತಾಶಾ ಎಂಬ ಕಲಾ ತಾಣ, ಹಾಂಗ್‌ಕಾಂಗಿನ ಶಿಲ್ಪಿ ಹಾ ಬಿಕ್ ಚುಯೆನ್ ಅವರದು, ಇನ್ನೂ ಹಲವು. ಬರೋಡದ ಸಂಗ್ರಹಗಳು ನಮಗೂ ದೂರದವಲ್ಲ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ, ಬೆಂಗಳೂರಿನ ಪುಷ್ಪಮಾಲಾ ಎನ್. ಈ ಇಬ್ಬರು ಕಲಾವಿದೆಯರೂ ಅಲ್ಲಿ ಓದಿದವರು. ಅವರು ಬೆಳೆದ ವಾತಾವರಣ ಎಂಥದ್ದು ಎನ್ನುವುದಕ್ಕೆ ಈ ಫೋಲ್ಡರುಗಳೇ ಸಾಕ್ಷಿ.

ಜಾಲತಾಣಕ್ಕೆ ಎರಡು ಬಾಗಿಲು, ಹೊಸಬರು ಎಡವುವುದೇ ಅಲ್ಲಿ. ಒಂದು ಲೈಬ್ರರಿಯ ಕ್ಯಾಟಲಾಗ್. ಇದರಲ್ಲಿ ಪುಸ್ತಕದ ಹೆಸರು, ವರ್ಷ, ಪ್ರಕಾಶಕರ ವಿವರ ಸಿಗುತ್ತದೆ, ಪುಸ್ತಕ ಮಾತ್ರ ಹಾಂಗ್‌ಕಾಂಗಿನ ಕಪಾಟಿನಲ್ಲಿರುತ್ತದೆ. ಇನ್ನೊಂದು ಡಿಜಿಟಲ್ ಸಂಶೋಧನಾ ಸಂಗ್ರಹ. ಸ್ಕ್ಯಾನ್ ಮಾಡಿದ ಕಾಗದ ಕಾಣಿಸುವುದು ಇದರಲ್ಲಿ. ಸರ್ಚ್ ಮಾಡಿದಾಗ ಎರಡರ ಫಲಿತಾಂಶವೂ ಕಲಸಿಕೊಂಡು ಬಂದರೆ, ‘ಹೆಸರಿದೆ, ಆದರೆ ತೆರೆಯುತ್ತಿಲ್ಲ’ ಎಂದು ತಲೆ ಕೆಡಿಸಿಕೊಳ್ಳುವ ಬದಲು ಮೊದಲು ಯಾವ ಬಾಗಿಲಿನದು ಎಂದು ನೋಡಿಕೊಳ್ಳಬೇಕು. ಡಿಜಿಟಲ್ ಸಂಗ್ರಹದ ಒಳಗೂ ಎಲ್ಲವೂ ತೆರೆದಿಲ್ಲ. ಪ್ರತಿ ದಾಖಲೆಗೂ ನೋಡುವ ಅನುಮತಿಯ ಮಟ್ಟ ನಮೂದಾಗಿರುತ್ತದೆ. ಕೆಲವು ಎಲ್ಲರಿಗೂ ಮುಕ್ತ, ಕೆಲವನ್ನು ಅವರ ಜಾಗಕ್ಕೇ ಹೋಗಿ ಅಲ್ಲಿನ ಕಂಪ್ಯೂಟರಿನಲ್ಲಿ ನೋಡಬೇಕು. ಕಾರಣ ಸರಳ. ಕಾಗದ ಕೊಟ್ಟವರು ಒಬ್ಬರು, ಕಾಗದ ಬರೆದವರು ಇನ್ನೊಬ್ಬರು. ಶೇಖ್ ಅವರಿಗೆ ಬಂದ ಪತ್ರದ ಹಾಳೆ ಶೇಖ್ ಅವರದು, ಅದರಲ್ಲಿನ ಬರಹದ ಹಕ್ಕು ಬರೆದವರದು.

ಮೊದಲ ದಿನವೇ ಸರ್ಚ್ ಬಾಕ್ಸಿನಲ್ಲಿ ಕಲಾವಿದನ ಹೆಸರು ಹೊಡೆಯುವುದು ಎಲ್ಲರ ಅಭ್ಯಾಸ. ಅದು ಬೇಡ. ಒಂದು ಸಂಗ್ರಹ ಆರಿಸಿಕೊಳ್ಳಿ. ಅದರ ಪೀಠಿಕೆ ಓದಿ: ಯಾರ ಮನೆಯಿಂದ ಬಂತು, ಯಾವ ವರ್ಷಗಳದು, ಯಾವುದನ್ನು ಬಿಟ್ಟಿದ್ದಾರೆ. ಆಮೇಲೆ ಸರಣಿ, ಸರಣಿಯೊಳಗಿನ ಫೋಲ್ಡರ್, ಫೋಲ್ಡರಿನೊಳಗಿನ ಬಿಡಿ ದಾಖಲೆ ಎಂಬ ಕ್ರಮದಲ್ಲಿ ಕೆಳಗಿಳಿಯಿರಿ. ಸರ್ಚ್ ನಿಮ್ಮನ್ನು ನೇರ ಕೊನೆಯ ಮೆಟ್ಟಿಲಿಗೆ ತಂದು ಬಿಡುತ್ತದೆ, ಪಕ್ಕದಲ್ಲಿ ಏನಿತ್ತು ಎಂದು ಹೇಳುವುದಿಲ್ಲ. ಪ್ರದರ್ಶನದ ಆಮಂತ್ರಣದ ಪಕ್ಕದಲ್ಲಿ ಪ್ರೆಸ್ಸಿನ ಬಿಲ್ಲು ಇದ್ದರೆ ಎಷ್ಟು ಪ್ರತಿ ಅಚ್ಚಾಯಿತು ಎನ್ನುವುದು ಗೊತ್ತಾಗುತ್ತದೆ. ಆ ಬಿಲ್ಲಿಗೆ ಕಲಾವಿದನ ಹೆಸರು ಟ್ಯಾಗ್ ಆಗಿರುವುದೇ ಇಲ್ಲ.

ಪೀಠಿಕೆ ಓದದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ‘ಗ್ರೂಪ್ 1890’ ಎಂಬ ಕಲಾವಿದರ ಗುಂಪು ಒಳ್ಳೆಯ ಉದಾಹರಣೆ. ಹೆಸರು ನೋಡಿದ ಕೂಡಲೇ ಹತ್ತೊಂಬತ್ತನೇ ಶತಮಾನದ್ದು ಎಂದು ಪಕ್ಕಕ್ಕೆ ಇಡುವವರಿದ್ದಾರೆ. ಅದು ಇಸವಿಯೇ ಅಲ್ಲ, ಗುಜರಾತಿನ ಭಾವನಗರದ ಒಂದು ಮನೆಯ ನಂಬರು. ಗುಂಪು ಕಟ್ಟುವ ಮಾತುಕತೆ 1962ರಲ್ಲಿ ಆ ಮನೆಯಲ್ಲಿ ನಡೆಯಿತು, ಹಾಗಾಗಿ ಆ ಹೆಸರು. 12 ಕಲಾವಿದರು, ಜೆ. ಸ್ವಾಮಿನಾಥನ್ ಅವರ ನಾಯಕತ್ವ, 1963ರಲ್ಲಿ ದೆಹಲಿಯಲ್ಲಿ ಒಂದೇ ಒಂದು ಪ್ರದರ್ಶನ, ಅಲ್ಲಿಗೆ ಮುಗಿಯಿತು. ಅದರ ಕ್ಯಾಟಲಾಗಿಗೆ ಮುನ್ನುಡಿ ಬರೆದವರು ಆಗ ಭಾರತದಲ್ಲಿ ಮೆಕ್ಸಿಕೋದ ರಾಯಭಾರಿಯಾಗಿದ್ದ ಕವಿ ಆಕ್ಟೇವಿಯೊ ಪಾಜ್. ಜಾಗತಿಕ ಕಲಾ ಇತಿಹಾಸ ಎಂದು ದೊಡ್ಡ ದನಿಯಲ್ಲಿ ಹೇಳುವುದರ ಸಣ್ಣ ರೂಪ ಇದು: ಭಾವನಗರದ ಮನೆ, ದೆಹಲಿಯ ಗೋಡೆ, ಮೆಕ್ಸಿಕೋದ ಕವಿ. ನಡುವೆ ಪ್ಯಾರಿಸ್ಸಿನ ಅಪ್ಪಣೆ ಬೇಕಾಗಿರಲಿಲ್ಲ.

ಸರ್ಚ್‌ಗೆ ಇಳಿದಾಗ ಕಾಡುವುದು ಕಾಗುಣಿತ. ಬರೋಡ ಎಂದರೆ ಸಿಗುವುದು ವಡೋದರ ಎಂದರೆ ಸಿಗದಿರಬಹುದು. ಬಾಂಬೆ–ಮುಂಬೈ, ಮದ್ರಾಸ್–ಚೆನ್ನೈ ಅದೇ ಕಥೆ. ಸುಬ್ರಹ್ಮಣ್ಯನ್ ಎನ್ನುವ ಹೆಸರಿನ ರೋಮನ್ ಕಾಗುಣಿತ ಹಳೆಯ ಕ್ಯಾಟಲಾಗುಗಳಲ್ಲಿ ಕನಿಷ್ಠ ಮೂರು ಬಗೆ. ಚೀನೀ ಹೆಸರುಗಳಲ್ಲಿ ಇನ್ನೂ ಕಷ್ಟ. ಹಾ ಬಿಕ್ ಚುಯೆನ್ ಎನ್ನುವುದು ಕ್ಯಾಂಟನೀಸ್ ಉಚ್ಚಾರ, ಅವೇ ಮೂರು ಅಕ್ಷರಗಳನ್ನು ಬೀಜಿಂಗಿನಲ್ಲಿ ಓದಿದರೆ ಶಿಯಾ ಬಿಚುವಾನ್. ಇಬ್ಬರು ಬೇರೆ ಬೇರೆ ಕಲಾವಿದರು ಎಂದುಕೊಂಡು ಪ್ರಬಂಧ ಬರೆದರೆ ದೇವರೇ ಗತಿ. ಒಬ್ಬೊಬ್ಬರ ಹೆಸರಿಗೂ ಎಲ್ಲ ರೂಪಗಳ ಪಟ್ಟಿಯೊಂದನ್ನು ಮೊದಲೇ ಮಾಡಿಟ್ಟುಕೊಳ್ಳಿ. ಚೀನೀ ಹೆಸರಾದರೆ ಮೂಲ ಲಿಪಿಯನ್ನೇ ಅಂಟಿಸಿ ಹುಡುಕಿ, ತಾಣ ಇಂಗ್ಲಿಷ್ ಮತ್ತು ಚೀನೀ ಎರಡರಲ್ಲೂ ಇದೆ.

ಇಷ್ಟಾದ ಮೇಲೆ ನಿಜವಾದ ಕೆಲಸ. ಹಾ ಬಿಕ್ ಚುಯೆನ್ (1925–2009) ಅವರ ಸಂಗ್ರಹದ ಒಂದೇ ಒಂದು ಕಾಂಟ್ಯಾಕ್ಟ್ ಶೀಟ್ ಎತ್ತಿಕೊಂಡರೆ ವಾರ ಸಾಲದು. ಹಾಂಗ್‌ಕಾಂಗಿನಲ್ಲಿ ತಾವು ನೋಡಿದ ಪ್ರದರ್ಶನಗಳನ್ನೆಲ್ಲ ದಶಕಗಟ್ಟಲೆ ಕ್ಯಾಮೆರಾದಲ್ಲಿ ಹಿಡಿದಿಟ್ಟವರು ಅವರು. 35 ಎಂ.ಎಂ. ಫಿಲ್ಮಿನ ಒಂದು ರೋಲಿನಲ್ಲಿ 36 ಚಿತ್ರ. ತೊಳೆದಾದ ಮೇಲೆ ಆರಾರು ಚಿತ್ರಗಳ ಪಟ್ಟಿಗಳಾಗಿ ಕತ್ತರಿಸಿ, ನೆಗೆಟಿವನ್ನೇ ಕಾಗದದ ಮೇಲಿಟ್ಟು ಬೆಳಕು ಕೊಟ್ಟರೆ ಕಾಂಟ್ಯಾಕ್ಟ್ ಶೀಟ್. ಚಿತ್ರಗಳು ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡವು ಅಷ್ಟೆ. ಅದನ್ನು ಓದುವ ಕ್ರಮ ಇದು. ಮೊದಲು ಫಿಲ್ಮಿನ ಅಂಚಿನಲ್ಲಿರುವ ನಂಬರುಗಳನ್ನು ಬರೆದುಕೊಳ್ಳಿ. ಹಾಳೆಯ ಮೇಲೆ ಪಟ್ಟಿಗಳನ್ನು ಹಿಂದುಮುಂದಾಗಿ ಇಟ್ಟಿರುವುದು ಮಾಮೂಲು, ನಿಜವಾದ ಅನುಕ್ರಮ ಹೇಳುವುದು ನಂಬರು ಮಾತ್ರ. ಅನುಕ್ರಮ ಸಿಕ್ಕಿದರೆ ಆ ಮನುಷ್ಯ ಹಾಲಿನೊಳಗೆ ಯಾವ ಬಾಗಿಲಿನಿಂದ ಬಂದು ಯಾವ ದಿಕ್ಕಿಗೆ ನಡೆದರು, ಯಾವ ಕೃತಿಯ ಮುಂದೆ ನಾಲ್ಕು ಸಲ ಕ್ಲಿಕ್ಕಿಸಿದರು, ಯಾವುದನ್ನು ನೋಡಿಯೂ ಬಿಟ್ಟರು ಎನ್ನುವುದು ಬಿಚ್ಚಿಕೊಳ್ಳುತ್ತದೆ. ಆಮೇಲೆ ಹಿನ್ನೆಲೆ ನೋಡಿ: ಗೋಡೆಯ ಪೋಸ್ಟರು, ಲೇಬಲ್, ಉದ್ಘಾಟನೆಯ ಹೂಗುಚ್ಛ, ಬಂದವರ ಬಟ್ಟೆ. ಹೂಗುಚ್ಛ ತಾಜಾ ಇದ್ದರೆ ಮೊದಲ ದಿನ ಅಥವಾ ಎರಡನೇ ದಿನ. ಲೇಬಲ್ ಇಲ್ಲದಿದ್ದರೆ ಉದ್ಘಾಟನೆಗೂ ಮುಂಚಿನದು ಇರಬಹುದು.

ತಪ್ಪಾಗುವುದು ತಾರೀಖಿನಲ್ಲಿ. ಇಂಥ ಹಾಳೆಯ ಮೇಲೆ, ಲಕೋಟೆಯ ಮೇಲೆ ಬರೆದಿರುವ ದಿನಾಂಕ ಫೋಟೊ ತೆಗೆದ ದಿನದ್ದೇ ಆಗಬೇಕೆಂದಿಲ್ಲ, ಸ್ಟುಡಿಯೋದಲ್ಲಿ ತೊಳೆಸಿದ ದಿನದ್ದೂ ಇರಬಹುದು. ಫಿಲ್ಮ್ ದುಬಾರಿಯಾಗಿದ್ದ ಕಾಲದಲ್ಲಿ 36 ಮುಗಿಯುವ ತನಕ ರೋಲು ಕ್ಯಾಮೆರಾದಲ್ಲೇ ಇರುತ್ತಿತ್ತು. ಮೊದಲ 20 ಚಿತ್ರ ಒಂದು ಪ್ರದರ್ಶನದ್ದು, ಕೊನೆಯ 16 ಇನ್ನೊಂದು ತಿಂಗಳಿನ ಇನ್ನೊಂದು ಸಮಾರಂಭದ್ದು ಆಗಿದ್ದರೂ ಹಾಳೆಗೆ ಒಂದೇ ಶೀರ್ಷಿಕೆ ಬಿದ್ದಿರಬಹುದು. ಆದ್ದರಿಂದ ನಿಮ್ಮ ಟಿಪ್ಪಣಿಯಲ್ಲಿ ದಿನಾಂಕಕ್ಕೆ ಎರಡು ಕಾಲಂ ಇರಲಿ. ಆರ್ಕೈವ್ ಕೊಟ್ಟ ದಿನಾಂಕಕ್ಕೆ ಒಂದು, ನೀವು ಸಾಕ್ಷ್ಯದಿಂದ ಕಂಡುಕೊಂಡದ್ದಕ್ಕೆ ಇನ್ನೊಂದು.

ಬಣ್ಣದ ಸ್ಲೈಡುಗಳ ವಿಷಯದಲ್ಲಿ ಇನ್ನೊಂದು ಎಚ್ಚರ. ಎಪ್ಪತ್ತು ಎಂಬತ್ತರ ದಶಕದ ಅನೇಕ ಬಗೆಯ ಫಿಲ್ಮುಗಳಲ್ಲಿ ನೀಲಿ-ಹಸಿರು ಮೊದಲು ಮಾಸಿ ಇಡೀ ಚಿತ್ರ ಕೆಂಪಗಾಗುತ್ತದೆ. ಅಂಥ ಸ್ಲೈಡು ನೋಡಿ ‘ಕಲಾವಿದನ ಬೆಚ್ಚನೆಯ ಕೆಂಪು ಛಾಯೆ’ ಎಂದು ಬರೆದು ನಗೆಪಾಟಲಾಗಬೇಡಿ. ಅಳತೆಯೂ ಹಾಗೆಯೇ: ಸ್ಕ್ರೀನಿನಲ್ಲಿ ಅಂಗೈಯಗಲದ ಆಮಂತ್ರಣ ಪತ್ರಿಕೆಯೂ ಗೋಡೆಗೆ ಅಂಟಿಸುವ ಪೋಸ್ಟರೂ ಒಂದೇ ಗಾತ್ರದಲ್ಲಿ ಕಾಣುತ್ತವೆ.

ಇದರ ಜೊತೆಗೆ ಕ್ಯಾಟಲಾಗನ್ನು ನಂಬುವ ಚಟ. 1981ರ ‘ಪ್ಲೇಸ್ ಫಾರ್ ಪೀಪಲ್’ ಪ್ರದರ್ಶನ ತೆಗೆದುಕೊಳ್ಳಿ. ಜೋಗೇನ್ ಚೌಧುರಿ, ಭೂಪೇನ್ ಖಖ್ಖರ್, ನಳಿನಿ ಮಲಾನಿ, ಸುಧೀರ್ ಪಟವರ್ಧನ್, ಗುಲಾಮ್‌ಮೊಹಮ್ಮದ್ ಶೇಖ್, ವಿವಾನ್ ಸುಂದರಂ ಈ ಆರು ಜನ, ಗೀತಾ ಕಪೂರ್ ಅವರ ದೀರ್ಘ ಲೇಖನ, ಬಾಂಬೆಯಲ್ಲಿ ಒಮ್ಮೆ ದೆಹಲಿಯಲ್ಲಿ ಒಮ್ಮೆ. ಇಂಥ ಎರಡೂರಿನ ಪ್ರದರ್ಶನಕ್ಕೆ ಕ್ಯಾಟಲಾಗ್ ಒಂದೇ. ಅದು ಅಚ್ಚಿಗೆ ಹೋಗುವುದು ಚಿತ್ರಗಳು ಗೋಡೆಗೇರುವ ಮೊದಲು. ಕೊನೆ ಗಳಿಗೆಯಲ್ಲಿ ಒಂದು ಚಿತ್ರ ಒಣಗಲಿಲ್ಲ, ಇನ್ನೊಂದು ಮಾರಾಟವಾಗಿ ಹೋಯಿತು, ಮತ್ತೊಂದು ಸಾಗಣೆಯಲ್ಲಿ ತಡವಾಯಿತು ಎಂದರೆ ಕ್ಯಾಟಲಾಗಿನಲ್ಲಿ ಇದ್ದದ್ದು ಗೋಡೆಯಲ್ಲಿ ಇರುವುದಿಲ್ಲ. ‘ಪ್ರದರ್ಶಿತವಾಗಿತ್ತು’ ಎಂದು ಬರೆಯಬೇಕಾದರೆ ಪ್ರದರ್ಶನದ ಹಾಲಿನ ಫೋಟೊ, ಆ ವಾರದ ಪತ್ರಿಕೆಯ ವಿಮರ್ಶೆ, ಬೆಲೆಪಟ್ಟಿ ಇವುಗಳಲ್ಲಿ ಒಂದಾದರೂ ಕ್ಯಾಟಲಾಗಿನ ಜೊತೆ ತಾಳೆಯಾಗಬೇಕು. ಮ್ಯೂಸಿಯಮ್ಮಿನಲ್ಲಾಗಲಿ ಹರಾಜು ಸಂಸ್ಥೆಯಲ್ಲಾಗಲಿ ಸಂಶೋಧನಾ ಸಹಾಯಕರಿಗೆ ಸಂಬಳ ಕೊಡುವುದೇ ಈ ತಾಳೆ ನೋಡುವುದಕ್ಕೆ. ಕೃತಿಯ ಒಡೆತನದ ಸರಪಳಿ, ಪ್ರದರ್ಶನಗಳ ಪಟ್ಟಿ, ಅದರ ಬಗ್ಗೆ ಬಂದ ಬರಹಗಳ ಪಟ್ಟಿ ಮೂರೂ ಇದರಿಂದಲೇ ಕಟ್ಟುವಂಥವು.

ಆರ್ಕೈವ್‌ನ ನಿಜವಾದ ತಾಕತ್ತು ಗೊತ್ತಾಗಬೇಕಾದರೆ ಒಂದು ವರ್ಷವನ್ನು ಹಿಡಿದು ಊರಿಂದ ಊರಿಗೆ ಹೋಗಬೇಕು. 1989ಕ್ಕಿಂತ ಒಳ್ಳೆಯ ವರ್ಷ ಸಿಗದು. ಫೆಬ್ರವರಿ 5ಕ್ಕೆ ಬೀಜಿಂಗಿನ ರಾಷ್ಟ್ರೀಯ ಕಲಾ ಗ್ಯಾಲರಿಯಲ್ಲಿ ‘ಚೈನಾ/ಅವಾಂಗಾರ್ಡ್’ ಪ್ರದರ್ಶನ ತೆರೆಯಿತು, ‘ಯೂ-ಟರ್ನ್ ಇಲ್ಲ’ ಎಂಬ ರಸ್ತೆ ಫಲಕವೇ ಅದರ ಲಾಂಛನ. ಕೆಲವೇ ಗಂಟೆಗಳಲ್ಲಿ ಶಿಯಾವ್ ಲು ಎಂಬ ಕಲಾವಿದೆ, ಎರಡು ಟೆಲಿಫೋನ್ ಬೂತುಗಳ ತಮ್ಮದೇ ‘ಡಯಲಾಗ್’ ಕೃತಿಗೆ ಪಿಸ್ತೂಲಿನಿಂದ ಎರಡು ಗುಂಡು ಹಾರಿಸಿದರು. ಪ್ರದರ್ಶನ ಮುಚ್ಚಿತು, ಆಮೇಲೆ ಮತ್ತೆ ತೆರೆಯಿತು. ಆಗ ಶಿಯಾವ್ ಲು ಜೊತೆ ತಾಂಗ್ ಸಾಂಗ್ ಎಂಬವರನ್ನೂ ಪೊಲೀಸರು ಹಿಡಿದರು, ಕೃತಿ ಇಬ್ಬರದೂ ಎಂದು ವರ್ಷಗಟ್ಟಲೆ ಅಚ್ಚಾಗುತ್ತಲೇ ಹೋಯಿತು. ಅದು ತನ್ನೊಬ್ಬಳದೇ ಎಂದು ಶಿಯಾವ್ ಲು ಬಹಿರಂಗವಾಗಿ ಹೇಳಿದ್ದು ಸುಮಾರು 15 ವರ್ಷದ ಮೇಲೆ. ಹಾಗಾಗಿ 1989ರ ಪತ್ರಿಕಾ ವರದಿ, ತೊಂಬತ್ತರ ದಶಕದ ಪುಸ್ತಕ, 2004ರ ನಂತರದ ಬರಹ ಮೂರನ್ನೂ ಪಕ್ಕಪಕ್ಕ ಇಟ್ಟರೆ ‘ಕರ್ತೃ ಯಾರು’ ಎಂಬ ಒಂದೇ ಪ್ರಶ್ನೆಗೆ ಉತ್ತರ ಬದಲಾಗುತ್ತ ಹೋಗುವುದು ಕಣ್ಣಿಗೆ ಕಾಣುತ್ತದೆ. ಕಾಗದ ಹಳೆಯದು ಎಂದ ಮಾತ್ರಕ್ಕೆ ಸತ್ಯಕ್ಕೆ ಹತ್ತಿರ ಎಂದುಕೊಳ್ಳುವವರಿಗೆ ಇದು ಒಳ್ಳೆಯ ಮದ್ದು.

ಅದೇ ವರ್ಷದ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಜಾನ್-ಊಬೇರ್ ಮಾರ್ತಾಂ ‘ಮಜಿಸಿಯಾಂ ದ ಲಾ ತೇರ್’ ಎಂಬ ಪ್ರದರ್ಶನ ತೆರೆದರು. ಬೀಜಿಂಗಿನ ಪ್ರದರ್ಶನದಲ್ಲಿದ್ದ ಹ್ವಾಂಗ್ ಯೋಂಗ್ ಪಿಂಗ್, ಗು ದೆಶಿನ್ ಅಲ್ಲಿದ್ದರು. ಭಾರತದಿಂದ ಹೋದವರಲ್ಲಿ ವಾರ್ಲಿ ಚಿತ್ರಗಳ ಜಿವ್ಯಾ ಸೋಮಾ ಮಶೆ, ಮಿಥಿಲೆಯ ಬೌವಾ ದೇವಿ ಇದ್ದರು. ಬರೋಡ, ದೆಹಲಿಯ ಆಧುನಿಕರನ್ನು ಬಿಟ್ಟು ಇವರನ್ನು ಯಾಕೆ ಕರೆದರು, ಚೀನಾದಿಂದ ಮಾತ್ರ ಹೊಸ ಪ್ರಯೋಗಗಳ ಸಮಕಾಲೀನರನ್ನು ಯಾಕೆ ಆರಿಸಿದರು? ಅದೇ ವರ್ಷ ಹವಾನಾದಲ್ಲಿ ಮೂರನೇ ಬಿಯನಾಲೆ ಎಂಬ ದೊಡ್ಡ ಕಲಾ ಪ್ರದರ್ಶನ, ಲಂಡನ್ನಿನ ಹೇವರ್ಡ್ ಗ್ಯಾಲರಿಯಲ್ಲಿ ರಶೀದ್ ಅರೈನ್ ಸಂಘಟಿಸಿದ ‘ದಿ ಅದರ್ ಸ್ಟೋರಿ’. ಪ್ಯಾರಿಸ್–ನ್ಯೂಯಾರ್ಕಿನ ಕಥೆಯ ಆಚೆಯ ಕಲೆಗೆ ಜಾಗ ಎಲ್ಲಿ ಎಂಬ ಒಂದೇ ಪ್ರಶ್ನೆಯನ್ನು ನಾಲ್ಕೂ ನಾಲ್ಕು ಕಡೆಯಿಂದ ಎತ್ತಿದವು. ಚೀನಾದ ತುದಿಗೆ ಈ ಆರ್ಕೈವ್‌ನಲ್ಲಿ ಕಲಾ ವಿಮರ್ಶಕ ಫೇ ದಾವೇ ಅವರ ಸಂಗ್ರಹ ಇದೆ, ಎಂಬತ್ತರ ದಶಕದ ಚೀನೀ ಕಲೆಯ ಬಗ್ಗೆಯೇ ಮೀಸಲಾದ ದೊಡ್ಡ ವಿಭಾಗ ಇದೆ. ಭಾರತದ ತುದಿಗೆ ಕಪೂರ್–ಸುಂದರಂ ಸಂಗ್ರಹ. ಹವಾನಾ, ಲಂಡನ್ ತುದಿಗೆ ಬೇರೆ ಬಾಗಿಲು ತಟ್ಟಬೇಕು.

ಹಾಗೆ ತಟ್ಟಬೇಕಾದ ಬಾಗಿಲುಗಳನ್ನೂ ಇದಕ್ಕೆ ಹೋಲಿಸಿ ನೋಡುವುದು ನ್ಯಾಯ. ಲ್ಯಾಟಿನ್ ಅಮೆರಿಕದ ಕಲೆಗೆ ಅಮೆರಿಕದ ಹ್ಯೂಸ್ಟನ್ ಲಲಿತಕಲಾ ಮ್ಯೂಸಿಯಮ್ಮಿನ ಐಸಿಎಎ ಎಂಬ ಕೇಂದ್ರದ ಡಿಜಿಟಲ್ ಆರ್ಕೈವ್. ದಾಖಲೆ ಸ್ಪ್ಯಾನಿಷ್ ಅಥವಾ ಪೋರ್ಚುಗೀಸಿನಲ್ಲಿ, ಜೊತೆಗೆ ಸಾರಾಂಶ ಮತ್ತು ಟಿಪ್ಪಣಿ. ಈ ವಿಷಯದಲ್ಲಿ ಹಾಂಗ್‌ಕಾಂಗಿಗಿಂತ ಹ್ಯೂಸ್ಟನ್ ಒಂದು ಕೈ ಮೇಲು. ಏಷ್ಯಾ ಆರ್ಟ್ ಆರ್ಕೈವ್‌ನಲ್ಲಿ ಎಷ್ಟೋ ಬಿಡಿ ದಾಖಲೆಗಳಿಗೆ ಒಂದು ಸಾಲಿನ ಶೀರ್ಷಿಕೆ, ಅಷ್ಟೆ. ಕೈಬರಹದ ಪತ್ರದೊಳಗೆ ಏನಿದೆ ಎಂದು ಸರ್ಚ್‌ಗೆ ಗೊತ್ತಾಗುವುದಿಲ್ಲ, ತೆರೆದು ಓದಲೇಬೇಕು. ಕಳೆದ ಒಂದು ಅಂಕದಲ್ಲಿ ಅರ್ಧ ಇಲ್ಲಿಗೆ. ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ಮೋಮಾ 1929ರಿಂದ ತನ್ನಲ್ಲಿ ನಡೆದ ಪ್ರದರ್ಶನಗಳ ಇತಿಹಾಸವನ್ನು ಜಾಲತಾಣದಲ್ಲಿ ತೆರೆದಿಟ್ಟಿದೆ. ಬಹಳಷ್ಟಕ್ಕೆ ಪ್ರದರ್ಶನದ ಹಾಲಿನ ಫೋಟೊ, ಕೃತಿಪಟ್ಟಿ, ಪತ್ರಿಕಾ ಪ್ರಕಟಣೆ ಸಿಗುತ್ತದೆ. ಮೇಲೆ ಹೇಳಿದ ತಾಳೆ ನೋಡುವ ಅಭ್ಯಾಸಕ್ಕೆ ಅಷ್ಟು ಅಚ್ಚುಕಟ್ಟಾದ ಜಾಗ ಇನ್ನೊಂದಿಲ್ಲ. ಅದರದೇ ‘ಪೋಸ್ಟ್’ ಎಂಬ ತಾಣ ಏಷ್ಯಾ, ಆಫ್ರಿಕಾ, ಪೂರ್ವ ಯೂರೋಪ್, ಲ್ಯಾಟಿನ್ ಅಮೆರಿಕಗಳ ಬಗ್ಗೆ ಲೇಖನ ಪ್ರಕಟಿಸುತ್ತದೆ. ನಮ್ಮ ಬೆಂಗಳೂರಿನ ಮ್ಯಾಪ್ (ಕಲೆ ಮತ್ತು ಛಾಯಾಚಿತ್ರ) ಮ್ಯೂಸಿಯಮ್ಮಿನ ಅಕಾಡೆಮಿ ನಡೆಸುವ ಉಚಿತ ಕಲಾ ವಿಶ್ವಕೋಶ ಆರಂಭದ ದಿಕ್ಕು ತಿಳಿಯಲು ಚೆನ್ನ. ಹೆಸರು, ಇಸವಿ, ಪಂಥ ಗೊತ್ತಿಲ್ಲದೆ ಆರ್ಕೈವ್‌ಗೆ ಇಳಿದರೆ ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಹಾಗೆ. ಆದರೆ ವಿಶ್ವಕೋಶ ವಿಶ್ವಕೋಶವೇ, ಮೂಲ ಕಾಗದಕ್ಕೆ ಬದಲಿಯಲ್ಲ.

ಉಳಿದರ್ಧ ಅಂಕ ಕಳೆಯುವುದು ಸಂಗ್ರಹದ ಸ್ವಭಾವಕ್ಕೆ. ಇವು ವ್ಯಕ್ತಿಗಳ ಸಂಗ್ರಹ. ಕಾಗದ ಜೋಪಾನ ಮಾಡುವ ಗುಣ, ಇಡಲು ಜಾಗ, ಪತ್ರ ಬರೆಯುವ ಬಳಗ ಇದ್ದವರದು ಉಳಿಯಿತು. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆದ ಕಲಾವಿದನದು ಉಳಿಯಲಿಲ್ಲ. ದಕ್ಷಿಣ ಏಷ್ಯಾದ ಭಾಗದಲ್ಲಿ ಬರೋಡ–ದೆಹಲಿ ತೂಕ ಹೆಚ್ಚಾಗಿರುವುದಕ್ಕೆ ಅದೂ ಒಂದು ಕಾರಣ. ಇದನ್ನು ಸಂಸ್ಥೆಯ ತಪ್ಪು ಎನ್ನುವುದಕ್ಕಿಂತ ಓದುವವರು ನೆನಪಿಟ್ಟುಕೊಳ್ಳಬೇಕಾದ ಮಿತಿ ಎನ್ನಬೇಕು. ಆರ್ಕೈವ್‌ನಲ್ಲಿ ಇಲ್ಲ ಎಂದರೆ ನಡೆದಿಲ್ಲ ಎಂದಲ್ಲ.

ಟಿಪ್ಪಣಿ ಇಡುವ ವಿಧಾನ ಮೊದಲ ದಿನದಿಂದಲೇ ಸರಿಯಾಗಿರಲಿ. ಸ್ಕ್ರೀನ್‌ಶಾಟ್ ತೆಗೆದು ಫೋನಿನಲ್ಲಿ ತುಂಬಿಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಆರು ತಿಂಗಳ ಮೇಲೆ ಯಾವ ಫೋಲ್ಡರಿನದು ಎಂದು ಬ್ರಹ್ಮನಿಗೂ ಗೊತ್ತಿರುವುದಿಲ್ಲ. ಎಕ್ಸೆಲ್ ಹಾಳೆಯೊಂದರಲ್ಲಿ ಸಂಗ್ರಹದ ಹೆಸರು, ಸರಣಿ, ಫೋಲ್ಡರ್, ದಾಖಲೆಯ ಶೀರ್ಷಿಕೆ ಅವರು ಕೊಟ್ಟಂತೆಯೇ, ಕೊಂಡಿ, ಎರಡು ದಿನಾಂಕ, ಭಾಷೆ, ಬರೆದವರು, ಅನುಮತಿಯ ಮಟ್ಟ, ನೀವು ನೋಡಿದ ದಿನ ಇಷ್ಟು ತುಂಬಿಸಿ. ಕೊನೆಯ ಕಾಲಂ ಹಕ್ಕಿನದು. ಪ್ರಕಟಣೆಗೆ ಚಿತ್ರ ಬೇಕಾದರೆ ಆರ್ಕೈವ್‌ನ ಅನುಮತಿ ಒಂದೇ ಸಾಲದು. ಫೋಟೊದ ಹಕ್ಕು ಫೋಟೊಗ್ರಾಫರದು, ಫೋಟೊದೊಳಗಿನ ಕೃತಿಯ ಹಕ್ಕು ಕಲಾವಿದರದು, ಎರಡನ್ನೂ ಬೇರೆಬೇರೆ ಕೇಳಬೇಕು. ಭಾರತದ ಕಾಯ್ದೆಯಲ್ಲಿ ಕಲಾಕೃತಿಯ ಕಾಪಿರೈಟ್ ಕಲಾವಿದ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. 1965ರಲ್ಲಿ ತೀರಿಕೊಂಡ ಕೆ. ವೆಂಕಟಪ್ಪನವರ ಚಿತ್ರಗಳಿಗೆ ಅದರ ಅವಧಿ 2025ರ ಕೊನೆಯವರೆಗೆ, 1996ರಲ್ಲಿ ತೀರಿಕೊಂಡ ಕೆ.ಕೆ. ಹೆಬ್ಬಾರರದು 2056ರ ಕೊನೆಯವರೆಗೆ ಇರುತ್ತದೆ. ಸ್ವಂತ ಅಧ್ಯಯನಕ್ಕೆ, ವಿಮರ್ಶೆಗೆ ಬಳಸಲು ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ, ಪುಸ್ತಕದ ಮುಖಪುಟಕ್ಕೆ ಅದು ನಡೆಯುವುದಿಲ್ಲ.

ಇಷ್ಟೆಲ್ಲ ಮಾಡಿದರೆ ನೌಕರಿ ಸಿಗುತ್ತದೆಯೇ? ಆರ್ಕೈವ್ ಸರ್ಟಿಫಿಕೇಟ್ ಕೊಡುವುದಿಲ್ಲ. ಕಾಲೇಜಿನಲ್ಲಿ ಕಲಿಸಬೇಕಾದರೆ ಎಂ.ಎ. ಅಥವಾ ಎಂ.ವಿ.ಎ. (ದೃಶ್ಯಕಲೆಯ ಸ್ನಾತಕೋತ್ತರ ಪದವಿ) ಬೇಕು. ಬರೋಡದ ಎಂ.ಎಸ್. ವಿಶ್ವವಿದ್ಯಾಲಯ, ಶಾಂತಿನಿಕೇತನದ ಕಲಾಭವನ, ಜೆಎನ್‌ಯುನ ಕಲೆ ಮತ್ತು ಸೌಂದರ್ಯಶಾಸ್ತ್ರ ವಿಭಾಗ ಮೊದಲು ನೋಡಬೇಕಾದವು. ಆಮೇಲೆ ಯುಜಿಸಿ ನೆಟ್ ಎಂಬ ಅರ್ಹತಾ ಪರೀಕ್ಷೆ. ಕಲಾ ಇತಿಹಾಸಕ್ಕೆ ಪ್ರತ್ಯೇಕ ಪತ್ರಿಕೆ ಇಲ್ಲ, 79ನೇ ವಿಷಯವಾದ ದೃಶ್ಯಕಲೆಯ ಒಳಗೇ ಅದು ಬರುತ್ತದೆ. ಮೊದಲ ಪತ್ರಿಕೆ 50 ಪ್ರಶ್ನೆ, ಎರಡನೆಯದು 100, ಒಟ್ಟು 300 ಅಂಕ, ಮೂರು ಗಂಟೆ. ಅದಕ್ಕೆ ಓದುವುದೇ ಬೇರೆ ರೀತಿ, ಈ ಆರ್ಕೈವ್ ಅಲ್ಲಿ ಹೆಚ್ಚು ನೆರವಾಗದು. ನೆರವಾಗುವುದು ಸ್ನಾತಕೋತ್ತರ ಪದವಿಗೆ, ಅದರಲ್ಲೂ ಹೊರದೇಶಕ್ಕೆ ಅರ್ಜಿ ಹಾಕುವಾಗ ಕೇಳುವ ಮಾದರಿ ಬರಹಕ್ಕೆ. ‘ಭಾರತೀಯ ಆಧುನಿಕತೆ: ಒಂದು ಅವಲೋಕನ’ ಎಂಬಂಥ ಅರ್ಜಿಗಳನ್ನು ಓದಿ ಓದಿ ಪ್ರಾಧ್ಯಾಪಕರಿಗೆ ಸಾಕಾಗಿರುತ್ತದೆ. ಒಂದು ಫೋಲ್ಡರ್, ಐದು ದಾಖಲೆ, ಒಂದು ಪ್ರಶ್ನೆ ಇಟ್ಟುಕೊಂಡು 2500 ಪದ ಬರೆಯಿರಿ. ಶೇಖ್ ಮತ್ತು ಖಖ್ಖರ್ 1969ರಿಂದ 1973ರವರೆಗೆ ಬರೋಡದಿಂದ ತಂದ ‘ವೃಶ್ಚಿಕ್’ ಪತ್ರಿಕೆ ಇದಕ್ಕೆ ಹೇಳಿ ಮಾಡಿಸಿದ್ದು. ಲಲಿತಕಲಾ ಅಕಾಡೆಮಿಯ ವಿರುದ್ಧ ಕಲಾವಿದರು ದನಿ ಎತ್ತಿದ್ದು ಅದರ ಪುಟಗಳಲ್ಲೇ. ಯಾವ ಸಂಚಿಕೆಯಲ್ಲಿ ಯಾರು ಏನು ಬರೆದರು, ಸಹಿ ಹಾಕಿದವರು ಯಾರು, ಹಾಕದವರು ಯಾರು ಎಂಬಷ್ಟಕ್ಕೇ ನಿಂತರೂ ಸಾಕು.

ಕನ್ನಡ ಬಲ್ಲವರಿಗೆ ಇಲ್ಲಿ ಮೇಲ್ನೋಟಕ್ಕೆ ಕಾಣದ ಒಂದು ಅನುಕೂಲ ಇದೆ. ದಕ್ಷಿಣ ಏಷ್ಯಾದ ಆಧುನಿಕ, ಸಮಕಾಲೀನ ಕಲಾಬರಹಗಳ ಗ್ರಂಥಸೂಚಿಯೊಂದನ್ನು ಈ ಸಂಸ್ಥೆ 13 ಭಾಷೆಗಳಲ್ಲಿ ಸಿದ್ಧಪಡಿಸಿದೆ, ಅವುಗಳಲ್ಲಿ ಕನ್ನಡವೂ ಒಂದು. ಸೂಚಿ ಎಂದರೆ ಸೂಚಿ ಮಾತ್ರ: ಶೀರ್ಷಿಕೆ, ಲೇಖಕ, ಪತ್ರಿಕೆ, ಇಸವಿ. ಲೇಖನ ಬೇಕಾದರೆ ನೀವೇ ಲೈಬ್ರರಿಗೆ ಹೋಗಬೇಕು. ಜಾಗತಿಕ ಕಲಾ ಇತಿಹಾಸ ಎಂದು ಮಾತಾಡುವ ದೊಡ್ಡ ದೊಡ್ಡ ವಿದ್ವಾಂಸರಿಗೂ ಆ ಸಾಲುಗಳ ಹಿಂದಿನ ಬರಹವನ್ನು ಓದಲು ಬಾರದು. ನಿಮಗೆ ಬರುತ್ತದೆ. ಹೋದಾಗ ಒಂದು ಮಾತು ನೆನಪಿರಲಿ. ಹಳೆಯ ಮಾಸಪತ್ರಿಕೆಗಳನ್ನು ಬೈಂಡ್ ಮಾಡಿಸುವಾಗ ರಕ್ಷಾಪುಟ, ಜಾಹೀರಾತಿನ ಹಾಳೆಗಳನ್ನು ಕಿತ್ತು ಹಾಕುವುದು ರೂಢಿ. ಅವುಗಳ ಜೊತೆಗೇ ತಿಂಗಳೂ ಸಂಚಿಕೆಯ ನಂಬರೂ ಹೋಗಿರುತ್ತದೆ. ಲೇಖನದ ಪುಟಗಳಷ್ಟನ್ನೇ ಫೋನಿನಲ್ಲಿ ಹಿಡಿದುಕೊಂಡು ಬರಬೇಡಿ. ಮೊದಲು ಬೈಂಡಿನ ಬೆನ್ನು, ಆಮೇಲೆ ಪರಿವಿಡಿ, ಲೇಖನದ ಹಿಂದಿನ ಎರಡು ಪುಟ, ಮುಂದಿನ ಎರಡು ಪುಟ, ಕೊನೆಗೆ ಮುದ್ರಕರ ಹೆಸರಿರುವ ಸಾಲು. ಚಿತ್ರಗಳ ಬ್ಲಾಕು ಬೇರೆ ಕಾಗದದಲ್ಲಿ ಅಚ್ಚಾಗಿ ನಡುವೆ ಎಲ್ಲೋ ಸೇರಿಕೊಂಡಿರುತ್ತದೆ, ಅದನ್ನೂ ಹುಡುಕಿ ತೆಗೆಯಿರಿ.